ಬಿಸಿಲಿಗೆ ಕಾದ ಹಾಲು

ಮುಂಬಯಿಯ ಬೈಕುಲ್ಲಾದಲ್ಲಿ ಹೊಸ ಬಿಲ್ಡಿಂಗ್ ಏಳುತ್ತಿದ್ದ ಜಾಗದಲ್ಲೇ ಗುರುಬಾಯಿಯ ಜೋಪಡಿ. ಮಗ ಬಂಡೆಪ್ಪ ಅಲ್ಲೇ ಗಾರೆ ಕೆಲಸಕ್ಕೆ, ಸೊಸೆ ದಾನವ್ವ ಉಸುಕು ಹೊರಲು ಹೋಗುತ್ತಿದ್ದರು. ಏಳು ತಿಂಗಳ ಮೊಮ್ಮಗಳು ಅಜ್ಜಿಯ ಮಡಿಲಲ್ಲಿ. ಬಿಸಿಲಿನಿಂದ ಬಂದ ದಾನವ್ವ ಮೊದಲು ನಾಲ್ಕು ಧಾರೆ ಹಾಲು ನೆಲಕ್ಕೆ ಹಿಂಡಿ ಆಮೇಲೆ ಕೂಸಿಗೆ ಕುಡಿಸಬೇಕು. ಇದು ಗುರುಬಾಯಿಯ ಕಟ್ಟಪ್ಪಣೆ. ಬಿಸಿಲಿಗೆ ಕಾದ ಹಾಲು ಕೂಸಿಗಾಗದು ಎಂದು ವಿಜಾಪುರದ ಕಡೆಯ ಅವಳ ಅತ್ತೆ ಕಲಿಸಿದ್ದಳು.

ಮೇ ತಿಂಗಳ ಕೊನೆಗೆ ಕೂಸಿಗೆ ಭೇದಿ ಹತ್ತಿತು. ಗುರುಬಾಯಿ ಎದೆಹಾಲನ್ನೇ ಬಿಡಿಸಿದಳು. ಎಮ್ಮೆ ಕಟ್ಟುವ ತಬೇಲಾದಿಂದ ತಂದ ಹಾಲಿಗೆ ನಳದ ನೀರು ಬೆರೆಸಿ ಬಾಟಲಿಯಲ್ಲಿ ಕೊಟ್ಟಳು. ಎರಡನೇ ದಿನಕ್ಕೆ ಕೂಸಿನ ಕಣ್ಣು ಗುಳಿಬಿದ್ದವು, ಅಳಲೂ ತ್ರಾಣವಿಲ್ಲ. ದಾನವ್ವನ ಎದೆ ಹಾಲು ಕಟ್ಟಿ ಕಲ್ಲಾಗಿತ್ತು. ಪಾಪ, ಅತ್ತೆಯ ಮಾತು ಮೀರುವವಳಲ್ಲ, ಕೂಸಿಗಾಗಿ ಕೈಚಾಚಿ ಕೂತಿದ್ದಳು.

ಆ ಹೊತ್ತಿಗೆ ದವಾಖಾನೆಯ ನರ್ಸ್ ವಿನೋದಿನಿ ಜೋಪಡಿಗಳ ಕೂಸುಗಳನ್ನು ನೋಡುತ್ತಾ ಬಂದಳು. ಉಡುಪಿ ಕಡೆಯವಳು. ಕೂಸನ್ನು ನೋಡಿದವಳೇ ಟ್ಯಾಕ್ಸಿ ತರಲು ಬಂಡೆಪ್ಪನನ್ನು ಓಡಿಸಿದಳು. ಆಸ್ಪತ್ರೆ ಮುಟ್ಟುವವರೆಗೂ ಎದೆಹಾಲು ಕೊಡುತ್ತಲೇ ಇರಬೇಕು ಎಂದಳು.

ಗುರುಬಾಯಿ ಕೂಸನ್ನು ಬಿಗಿಯಾಗಿ ಅವಚಿಕೊಂಡಳು. "ಹೊಟ್ಟಿ ಹರಿಯೋ ಕೂಸಿಗೆ ಬಿಸಿಲ ಹಾಲು ಕುಡಿಸಿದ್ರ ಉಳಿತೈತೇನ್ರಿ, ನರ್ಸಬಾಯಿ?"

"ಬಿಸಿಲಿಗೆ ಮೈ ಕಾಯ್ತದೆ ಅಮ್ಮ, ಹಾಲು ಕೆಡುವುದಿಲ್ಲ. ಕೊಳಕು ನೀರಿನ ಕ್ರಿಮಿ ಹೊಟ್ಟೆಯಲ್ಲಿ ವಿಷ ಬಿಡ್ತದೆ. ಆ ವಿಷಕ್ಕೆ ಕರುಳಿನ ಗೋಡೆ ಹಿಡ್ಕೊಳ್ಳಿಕ್ಕೆ ಸಿಕ್ಕಿದ್ರೇ ಭೇದಿ. ಲೋಕಲ್ ರೈಲಲ್ಲಿ ನಿಂತವರಿಗೆ ಹಿಡಿಕೆ ಬೇಕಲ್ವಾ, ಹಾಗೆ. ತಾಯಿಹಾಲಲ್ಲೂ ಅಂಥದೇ ಹಿಡಿಕೆ ಉಂಟು. ಕೆಲವು ವಿಷ ಗೋಡೆ ಬಿಟ್ಟು ಅದನ್ನೇ ಹಿಡ್ಕೊಂಡು ಹೊರಗೆ ಹೋಗ್ತದೆ."

ಗುರುಬಾಯಿಯ ಮೈ ಜುಮ್ಮೆಂದಿತು. ಉಸುಕು ಹೊತ್ತು ಬಳಲಿದ ಸೊಸೆಯ ಕಡೆ ತಿರುಗಿದಳು. ಅಕ್ಷರ ಕಲಿಯದ ಈ ಹುಡುಗಿಯ ಮೈಯೊಳಗೆ ವಿಷವನ್ನು ಕಟ್ಟಿಹಾಕುವ ವಿದ್ಯೆ ಇದೆಯೇ? ಅದನ್ನು ಯಾರು ಕಲಿಸಿದರು? ದೇವರ ಮುಂದೆ ನಿಂತವಳ ಹಾಗೆ ಸೊಸೆಯನ್ನೇ ನೋಡಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದು ನಿಜ.

ಆಮೇಲೆ ಅವಳ ಕಣ್ಣು ತುಂಬಿದವು.

"ನನ್ನ ಮಗಳು ಮಲ್ಲವ್ವಗೂ ಹಿಂಗ ಆಗಿತ್ತು. ಮೂರು ದಿನ ಹಾಲು ಕೊಡಲಿಲ್ಲ ನಾನು. ಕೂಸು ಹೋತು. ಔಷಧ ನನ್ನ ಎದಿಯಾಗ ಇತ್ತು."

ವಿನೋದಿನಿ ಅವಳ ಕೈ ಹಿಡಿದಳು. "ಆವತ್ತು ನಿಮಗೆ ಯಾರೂ ಹೇಳ್ಲಿಲ್ಲ ಅಮ್ಮ."

ಗುರುಬಾಯಿ ಎದ್ದು ಕೂಸನ್ನು ದಾನವ್ವನ ಮಡಿಲಿಗೆ ಹಾಕಿದಳು. "ಕುಡಸವ್ವ. ಇನ್ನ ಒಂದು ಹನಿನೂ ಚೆಲ್ಲಬ್ಯಾಡ."

ಟ್ಯಾಕ್ಸಿಯಲ್ಲಿ ಕೂಸು ಮೊದಲು ತುಟಿಯಷ್ಟೇ ಆಡಿಸಿತು, ಆಮೇಲೆ ಚೀಪತೊಡಗಿತು. ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿದರು, ಹಾಲು ನಿಲ್ಲಿಸಲಿಲ್ಲ. ಐದನೇ ದಿನ ಕೂಸು ಮನೆಗೆ ಬಂತು.

ಅಕ್ಕಂದಿರೇ, ಭೇದಿಯಾದ ಕೂಸಿಗೆ ಎದೆಹಾಲು ಬಿಡಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ. ಒಂದು ಲೀಟರ್ ಕಾಸಿ ಆರಿಸಿದ ನೀರಿಗೆ ಸಪಾಟಾಗಿ ಆರು ಚಹಾ ಚಮಚ ಸಕ್ಕರೆ, ಅದೇ ಚಮಚದಲ್ಲಿ ಅರ್ಧ ಉಪ್ಪು ಕದಡಿ ಸ್ವಲ್ಪ ಸ್ವಲ್ಪವೇ ಕುಡಿಸಿ. ಕಣ್ಣು ಗುಳಿಬಿದ್ದರೆ, ಕೂಸು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅತ್ತೆಯಂದಿರಿಗೂ ಒಂದು ಮಾತು: ಗುರುಬಾಯಿಗೆ ಆಗ ಹೇಳುವವರಿರಲಿಲ್ಲ. ನಿಮಗೆ ಈಗ ಗೊತ್ತಾಯಿತು. ಕೂಸನ್ನು ತಾಯಿಯ ಕೈಗೆ ಕೊಡಿ.