ಅಳಿಯನ ಮುಖಕ್ಕೆ ಜಾಲರಿ

ಸ್ಯೋಮಿತಿ ತನ್ನ ಅಳಿಯ ಮಥೆಕಾನ ಬೆನ್ನನ್ನು ಸಾವಿರ ಜನರ ನಡುವೆಯೂ ಗುರುತು ಹಿಡಿದಾಳು. ಮುಖದ ಮಾತು ಮಾತ್ರ ಕೇಳಬೇಡಿ. ಮಗಳು ಕತುಂಗೆಯನ್ನು ಕೊಟ್ಟು ಒಂಬತ್ತು ವರ್ಷವಾದರೂ ಅದನ್ನು ಅವಳು ನೆಟ್ಟಗೆ ನೋಡಿಲ್ಲ. ಅತ್ತೆ ಅಳಿಯ ಒಬ್ಬರಿಗೊಬ್ಬರು ಮುಖ ಕೊಡಬಾರದು. ಇವರ ಕಾಂಬಾ ಜನ ಈ ಕಟ್ಟಳೆಗೆ ನ್ಥೋನಿ ಎನ್ನುತ್ತಾರೆ. ವೋಟೆ ಪೇಟೆಯ ಹೊಸ ಕಾಲದ ಅತ್ತೆಯರು ಅಳಿಯನ ಜೊತೆ ಒಂದೇ ಮೇಜಿಗೆ ಕೂತು ಚಪಾತಿ ತಿನ್ನುತ್ತಾರಂತೆ. ತಿನ್ನಲಿ, ಅವರ ಹಣೆಬರಹ. ಸ್ಯೋಮಿತಿ ಅಂಥವಳಲ್ಲ. ದಾರಿಯಲ್ಲಿ ಅವನು ಎದುರಾದರೆ ಇವಳು ಈ ಪೊದೆಗೆ, ಅವನು ಆ ಪೊದೆಗೆ. ಒಮ್ಮೆ ಗಡಿಬಿಡಿಯಲ್ಲಿ ಇಬ್ಬರೂ ಒಂದೇ ಪೊದೆಗೆ ನುಗ್ಗಿ, ಬೆನ್ನಿಗೆ ಬೆನ್ನು ಕೊಟ್ಟು ನಿಂತದ್ದನ್ನು ಕಂಡು ಊರು ವಾರಗಟ್ಟಲೆ ನಕ್ಕಿತ್ತು.

ಹಾಗಂತ ಪ್ರೀತಿಗೇನೂ ಬರವಿರಲಿಲ್ಲ. ಅವಳ ಗಂಡ ತೀರಿಕೊಂಡ ವರ್ಷ, ಅವಳು ಊರಲ್ಲಿಲ್ಲದ ದಿನ ನೋಡಿ, ಮನೆಯ ಮಾಡಿಗೆ ಹೊಸ ತಗಡು ಹೊದೆಸಿ ಹೋದವನು ಈ ಮಥೆಕಾನೇ. ಹೊಟ್ಟೆಯಲ್ಲಿ ಹುಟ್ಟಿದವರೂ ಅಷ್ಟು ಮಾಡುವುದಿಲ್ಲ ಎಂದು ಅವಳು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು.

ಅವನ ಕಸುಬು ಮೆಷಿನ್ ಗರಗಸದಿಂದ ಮರ ಕೊಯ್ಯುವುದು. ತಲೆಗೆ ಒಂದು ಹಳೆಯ ಉಣ್ಣೆ ಟೋಪಿ, ಮುಖಕ್ಕೆ ದೇವರೇ ದಿಕ್ಕು. ಹೋದ ವರ್ಷ ಸಂತೆಯಲ್ಲಿ ಸ್ಯೋಮಿತಿ ಅದೇ ಕಸುಬಿನ ಇನ್ನೊಬ್ಬನನ್ನು ಕಂಡಳು. ಗರಗಸ ಚಿಮ್ಮಿ ಮುಖಕ್ಕೆ ಬಡಿದಿತ್ತು. ಕೆನ್ನೆಯನ್ನು ಗೋಣಿಚೀಲದ ಹಾಗೆ ಹೊಲಿದಿದ್ದರು, ಒಂದು ಕಣ್ಣು ಇರಲಿಲ್ಲ. ಮರುವಾರವೇ ಎರಡು ಮೇಕೆ ಮಾರಿ, ಮಚಾಕೋಸ್ ಪಟ್ಟಣದಿಂದ ಒಂದು ಕಿತ್ತಳೆ ಬಣ್ಣದ ಹೆಲ್ಮೆಟ್ ತರಿಸಿದಳು. ಮುಖಕ್ಕೆ ಉಕ್ಕಿನ ಜಾಲರಿ, ಕಿವಿಗೆ ಮುಚ್ಚಳ. ಮಗಳ ಕೈಯಲ್ಲಿ ಕಳಿಸಿಕೊಟ್ಟು ದಿನ ಎಣಿಸುತ್ತ ಕೂತಳು.

"ಹಾಕ್ಕೊಂಡನೇನೇ?" ಎಂದು ಮುಂದಿನ ಸಲ ಮಗಳು ಬಂದಾಗ ಕೇಳಿದಳು.

"ಅವನು ಹಾಕ್ಕೊಂಡಿಲ್ಲ ಅವ್ವ. ಅದರೊಳಗೆ ಕೋಳಿ ಹಾಕಿದೆ. ಮೂರು ಮೊಟ್ಟೆ."

ಹೀಗಿರುವಾಗ ಒಂದು ಗಾಳಿಗೆ ಸ್ಯೋಮಿತಿಯ ಅಂಗಳದ ಸಿಲ್ವರ್ ಓಕ್ ಮರದ ಬುಡ ಸೀಳಿತು. ಇನ್ನೊಂದು ಗಾಳಿ ಬಂದರೆ ಮರ ನೇರ ಮಾಡಿನ ಮೇಲೆ. ಸುತ್ತಮುತ್ತ ಗರಗಸ ಮೆಷಿನ್ ಇದ್ದವನು ಮಥೆಕಾ ಒಬ್ಬನೇ. ಅವನು ಬರುವ ದಿನ ಅತ್ತೆ ಪಕ್ಕದ ಮನೆಗೆ ಹೋಗಿ ಕೂರಬೇಕು, ಅದು ಪದ್ಧತಿ. ಬೆಳಿಗ್ಗೆ ಕತುಂಗೆ ಮೊದಲು ಒಳಗೆ ಬಂದಳು.

"ಏಳವ್ವ, ಅವನು ಬೇಲಿ ಹೊರಗೆ ನಿಂತವನೆ."

"ಹೆಲ್ಮೆಟ್ಟು?"

"ಚೀಲದಲ್ಲಿ ಅದೆ. ನಾನೇ ತುರುಕಿದೀನಿ. ಹಾಕ್ಕೊಳ್ಳೋದು ಮಾತ್ರ ಕೇಳಬೇಡ."

"ಯಾಕಂತೆ? ಸೆಖೆನಾ?"

"ಸೆಖೆ ಅಂತ ಊರಿಗೆ ಹೇಳ್ತಾನೆ. ನಿಜ ಬೇರೆ ಕಣವ್ವ." ಕತುಂಗೆ ದನಿ ತಗ್ಗಿಸಿದಳು. "ಅತ್ತೆ ಕೈ ಮುಟ್ಟಿದ್ದನ್ನ ತಲೆ ಮೇಲೆ ಇಟ್ಕೊಂಡ್ರೆ ನ್ಥೋನಿ ಕೆಟ್ಟ ಹಾಗಂತೆ."

ಅಂಥ ಕಟ್ಟಳೆಯನ್ನು ಯಾವ ಹಿರಿಯರೂ ಹೇಳಿದ್ದಿಲ್ಲ. ಹುಡುಗ ತಾನೇ ಕಟ್ಟಿಕೊಂಡಿದ್ದ. ಇಷ್ಟು ದಿನ ಹಟಮಾರಿ ಎಂದು ಬೈದದ್ದನ್ನೆಲ್ಲ ನೆನೆದು ಸ್ಯೋಮಿತಿ ಹಣೆ ಚಚ್ಚಿಕೊಂಡಳು.

"ಅಯ್ಯೋ ನನ್ನಪ್ಪ! ಮರ್ಯಾದೆ ಜಾಸ್ತಿಯಾಗೇ ಸಾಯ್ತಾನಲ್ಲೇ ಇವನು!"

ಸ್ಟೂಲು ಎಳೆದುಕೊಂಡು ಹೋಗಿ ಕಣಜದ ಪಕ್ಕ ಹಾಕಿದಳು. ಮರ ಬೀಳುವ ದಿಕ್ಕಿಗೆ ವಿರುದ್ಧ, ಮರದ ಎತ್ತರದ ಎರಡರಷ್ಟು ದೂರ; ಅಷ್ಟು ಬುದ್ಧಿ ಅವಳಿಗಿತ್ತು. ಮರದ ಕಡೆ ಮುಖ ಮಾಡಿ ಗಟ್ಟಿಯಾಗಿ ಕೂತಳು.

"ಏನವ್ವ ಇದು? ನೀನಿಲ್ಲಿ ಕೂತ್ರೆ ಅವನು ಹೆಂಗೆ ಒಳಗೆ ಬರ್ತಾನೆ?"

"ಮುಖ ಮುಚ್ಕೊಂಡು ಬರಲಿ!"

ನೇರ ಮಾತು ಕೂಡದಲ್ಲ, ಆದ್ದರಿಂದ ಅವಳು ಅಂಗಳದಲ್ಲಿದ್ದ ಒರಳಿಗೆ ಕೂಗಿ ಹೇಳಿದಳು. "ಏ ಒರಳೇ, ಈ ಮುದುಕಿ ಇವತ್ತು ಜಾಗ ಬಿಟ್ಟು ಏಳಲ್ಲ. ಮುಖಕ್ಕೆ ಮರೆ ಬೇಕಾದೋರು ಅವರವರ ಚೀಲ ನೋಡ್ಕೋಬೇಕು. ಅತ್ತೆ ಕೈ ಮುಟ್ಟಿದ್ರೆ ಮೈಲಿಗೆ ಆಗಲ್ಲ. ಹಂಗಾಗೋದಾದ್ರೆ ನನ್ನ ಮಗಳನ್ನೂ ನಾನೇ ಹೆತ್ತಿದ್ದು, ಅವಳನ್ನೂ ವಾಪಸ್ ಕಳಿಸಲಿ!"

ಬೇಲಿಯಾಚೆಯಿಂದ ಮಥೆಕಾನ ದನಿ ಬಂತು. "ಒರಳೇ, ನಾಳೆ ಬರ್ತೀನಿ ಅಂತ ಅವ್ವಾರಿಗೆ ಹೇಳು."

"ನಾಳೆಗೆ ಮರ ನನ್ನ ನೆತ್ತಿ ಮೇಲಿರುತ್ತೆ ಅಂತ ಹೇಳು!"

ಒರಳು ಏನು ಹೇಳೀತು? ಬೇಲಿಯಾಚೆ ಚೀಲ ಬಿಚ್ಚುವ ಸದ್ದಾಯಿತು. ಆಮೇಲೆ ಜಾಲರಿ ಇಳಿಸಿದ ಕಿತ್ತಳೆ ಹೆಲ್ಮೆಟ್ಟೊಂದು ತಲೆ ತಗ್ಗಿಸಿಕೊಂಡು ಅಂಗಳಕ್ಕೆ ಬಂತು. ಅಳಿಯನಿಗೆ ಟೋಪಿ ಹಾಕಿದ ಅತ್ತೆಯರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಅವನ ಒಳ್ಳೆಯದಕ್ಕೆ ಹಾಕಿದವಳು ಇವಳೊಬ್ಬಳೇ ಇರಬೇಕು.

ಗರಗಸ ಅರಚಿತು. ಮಥೆಕಾ ಮರ ಖಾಲಿ ಹೊಲಕ್ಕೆ ಬೀಳಲೆಂದು ಬುಡದ ಆ ಮಗ್ಗುಲಲ್ಲಿ ಬಾಯಿಯಂಥ ಕಚ್ಚು ಕೊಯ್ದು, ಹಿಂದಿನಿಂದ ನಿಧಾನ ಕೊಯ್ಯುತ್ತ ಬಂದ. ಮರ ನಡುಗಿತು, ವಾಲಿತು. ಅದು ಅಲುಗಿದ್ದೇ ತಡ, ತುದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಒಣ ಕೊಂಬೆ ಕಳಚಿ ನೇರ ಅವನ ಮೇಲೆ ಬಂತು. ಫಟ್ ಎಂದ ಸದ್ದು ಕಣಜದವರೆಗೂ ಕೇಳಿತು. ಮರ ಹೊಲಕ್ಕೆ ಉರುಳಿತು, ಅಳಿಯ ಅಂಗಳಕ್ಕೆ.

ಸ್ಯೋಮಿತಿ ಓಡಿದಳು. ಹೆಗಲ ಮೇಲಿನ ಬಟ್ಟೆ ಎಲ್ಲಿ ಬಿತ್ತೋ, ಒಂಬತ್ತು ವರ್ಷದ ನ್ಥೋನಿ ಎಲ್ಲಿ ಬಿತ್ತೋ ಅವಳಿಗೆ ತಿಳಿಯಲಿಲ್ಲ. ಹೆಲ್ಮೆಟ್ ಬಿರಿದಿತ್ತು. ಜಾಲರಿ ಮೂಗಿನವರೆಗೆ ಒಳಕ್ಕೆ ತಗ್ಗಿತ್ತು. ಅವಳು ಹೆಲ್ಮೆಟ್ಟನ್ನು ಮೆಲ್ಲಗೆ ಕಳಚಿದಳು. ಕಳಚಿದ್ದೇ ತಡ, ಮಲಗಿದ್ದವನು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡ.

"ಅವ್ವಾರೇ, ಆ ಕಡೆ ತಿರುಗಿ. ಹಿರಿಯರು ಮೇಕೆ ದಂಡ ಹಾಕ್ತಾರೆ."

"ಕೈ ತೆಗಿ."

"ಬ್ಯಾಡ ಅವ್ವಾರೇ..."

ಅವಳೇ ಒಂದೊಂದಾಗಿ ಕೈ ತೆಗೆದಳು. ಹಣೆ ನೆಟ್ಟಗಿತ್ತು. ಕೆನ್ನೆ ನೆಟ್ಟಗಿತ್ತು. ಮೂಗಿನ ಮೇಲೆ ಬರೀ ಮರದ ಹುಡಿ. ಕಹಿ ಔಷಧಿ ಕುಡಿಸುವಾಗ ಮಕ್ಕಳು ಮುಚ್ಚುವ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿದ್ದ.

"ಮೇಕೆ ನಾನೇ ಕೊಡ್ತೀನಿ ಕಣೋ, ಕೇಳಿದಷ್ಟು ಕೊಡ್ತೀನಿ. ಕಣ್ಣು ಬಿಡು ಮಗನೇ. ಎರಡೂ ಅವೆ ಅಂತ ನಾನು ನೋಡ್ಬೇಕು."

ಮಥೆಕಾ ಮೊದಲು ಒಂದನ್ನು ಬಿಟ್ಟ. ಸ್ಯೋಮಿತಿ ಬೆರಳಿನಿಂದ ಅವನ ಮೂಗಿನ ಮೇಲಿನ ಹುಡಿ ಒರೆಸಿದಳು. ಆಮೇಲೆ ಇನ್ನೊಂದನ್ನೂ ಬಿಟ್ಟ.