ಕಾಲುವೆಗೆ ಅಡ್ಡ ಕಟ್ಟಿದ ಜಾಲರಿ

ಇಸ್ತ್ರಿ ಅಂಗಡಿಯವನಿಗೆ ತಲೆಬುಡ ಅರ್ಥವಾಗಲಿಲ್ಲ. ಎರಡು ವಾರದ ಹಿಂದಷ್ಟೇ ಅಂಗಡಿಯ ಹಿಂದಿನ ಕಾಲುವೆಯನ್ನು ಅವನೇ ಬಳಿದು ಚೊಕ್ಕ ಮಾಡಿದ್ದ. ಮೇಲಿನಿಂದ ಕಸ ತೇಲಿ ಬಾರದಿರಲೆಂದು ಅಡ್ಡಲಾಗಿ ಕಬ್ಬಿಣದ ಜಾಲರಿಯನ್ನೂ ಕಟ್ಟಿದ್ದ. ಆದರೂ ನಿನ್ನೆ ಸಂಜೆಯ ಮಳೆಗೆ ಅಂಗಡಿಯೊಳಗೆ ಮಂಡಿಯವರೆಗೆ ನೀರು! ಗಿರಾಕಿಗಳ ಬಟ್ಟೆಗಂಟುಗಳೆಲ್ಲ ಕೊಳಚೆಯಲ್ಲಿ ನೆಂದುಹೋಗಿದ್ದವು. ಇನ್ನೊಮ್ಮೆ ಹೀಗಾದರೆ ಅಂಗಡಿಗೆ ಬೀಗ ಜಡಿಯಬೇಕಾದೀತು.

"ಕ್ಲೀನ್ ಮಾಡಿದ್ದೇ ತಪ್ಪಾಯ್ತೇನಕ್ಕಾ?" ಎಂದು ಬೀದಿ ಗುಡಿಸುವ ಅಕ್ಕನನ್ನು ಕೇಳಿದ.

"ಬಳಿದ ಹೂಳು ಎಲ್ಲಿ ಹಾಕಿದೆ?"

"ಕೆಳಕ್ಕೆ ತಳ್ಳಿದೆ. ಹೋಯ್ತು."

"ಎಲ್ಲಿಗೆ ಹೋಯ್ತು?"

ಅವನು ತಲೆ ಕೆರೆದುಕೊಂಡ. ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಅಕ್ಕ ಅವನನ್ನು ದಂಡೆಗುಂಟ ಕೆಳಕ್ಕೆ ಕರೆದೊಯ್ದಳು. ಹೋಟೆಲಿನ ಹಿಂದೆ ಇನ್ನೊಂದು ಜಾಲರಿ. ಅವನು ತಳ್ಳಿದ್ದ ಹೂಳೆಲ್ಲ ಅದಕ್ಕೆ ಗೋಡೆಯಂತೆ ಮೆತ್ತಿಕೊಂಡು ನೀರನ್ನು ಅವನ ಅಂಗಡಿಯತ್ತ ಹಿಂದಕ್ಕೆ ತಿರುಗಿಸಿತ್ತು.

"ನಿನ್ನ ಕಸ ತಡೆಯೋಕೇ ಹಾಕ್ಸಿದ್ದು ಕಣಯ್ಯಾ," ಎಂದ ಹೋಟೆಲಿನ ಯಜಮಾನ.

"ನೋಡಕ್ಕಾ, ಎಲ್ಲಾ ಇವರ ಕಿತಾಪತಿ!"

"ತಡಿ, ನಿನ್ನ ಜಾಲರಿನೂ ನೋಡೋಣ ಬಾ."

ಅದೂ ಕಸದಿಂದ ಮುಚ್ಚಿಹೋಗಿತ್ತು. ಅದರ ಮೇಲ್ಗಡೆ ಅವನ ತಂಗಿಯ ಮನೆ. ಅವಳು ಬಾಗಿಲಲ್ಲಿ ಕೂತು ಹೊಲಿಗೆ ಯಂತ್ರದ ಕೆಸರು ಒರೆಸುತ್ತಿದ್ದಳು.

"ಇಷ್ಟು ವರ್ಷ ಬರದ ನೀರು ಈ ಸಲ ಯಾಕೆ ಬಂತೋ ಗೊತ್ತಾಗ್ತಿಲ್ಲ ಅಣ್ಣಾ. ಮೋಟಾರು ಸುಟ್ಟೋಯ್ತು."

ಅವನು ಒಮ್ಮೆ ಜಾಲರಿಯನ್ನು ನೋಡಿದ, ಒಮ್ಮೆ ತಂಗಿಯನ್ನು.

"ನಾನೇ ಕಣಮ್ಮಾ, ನಿನ್ನ ಮನೆಗೆ ನೀರು ನುಗ್ಸಿದ್ದು."

ಹೋಟೆಲಿನ ಯಜಮಾನನನ್ನೂ ಒಪ್ಪಿಸಿ ಜಾಲರಿಗಳೆರಡನ್ನೂ ಅಂದೇ ಕಿತ್ತರು. ಆದರೂ ಇಸ್ತ್ರಿಯವನ ಗೊಂದಲ ತೀರಲಿಲ್ಲ.

"ಇನ್ಮೇಲೆ ಎಲ್ಲರ ಕಸಾನೂ ನಮ್ಮ ಹತ್ರನೇ ಬರುತ್ತಲ್ಲಕ್ಕಾ?"

"ಎಸೆಯೋದನ್ನ ಎಲ್ರೂ ಒಟ್ಟಿಗೇ ನಿಲ್ಸಿದ್ರೆ ಯಾಕೆ ಬರುತ್ತೆ? ಹೂಳನ್ನೂ ಎಲ್ರೂ ಒಂದೇ ದಿನ ಎತ್ತಿ. ತಳ್ಳಬೇಡಿ, ದಂಡೆಗೆ ಹಾಕಿ. ಪುರಸಭೆಗೆ ಮೊದಲೇ ತಿಳಿಸಿದ್ರೆ ಗಾಡಿ ಕಳಿಸ್ತಾರೆ."

ಭಾನುವಾರ ಹೋಟೆಲಿನವನು ಬುಟ್ಟಿ ತಂದ, ಅದೇ ಬೀದಿಯ ಗ್ಯಾರೇಜಿನವನು ಸನಿಕೆ ತಂದ. ಕಾಲುವೆಗೆ ಸುರಿಯುತ್ತಿದ್ದ ಹಳೇ ಆಯಿಲನ್ನು ಇನ್ನು ಡಬ್ಬದಲ್ಲೇ ತುಂಬಿಡುತ್ತೇನೆಂದು ಎಲ್ಲರೆದುರು ಮಾತೂ ಕೊಟ್ಟ. ಗಾಡಿ ಬರುವುದು ತಡವಾಯಿತು, ಬೈಗುಳವೂ ಆಯಿತು. ಆದರೆ ಸಂಜೆಯ ಹೊತ್ತಿಗೆ ನೀರು ಹರಿಯಿತು. ಮುಂದಿನ ಮಳೆಯಲ್ಲಿ ಅಣ್ಣ ತಂಗಿ ಇಬ್ಬರ ಹೊಸ್ತಿಲೂ ಒಣಗಿಯೇ ಇತ್ತು.

ನಿಮ್ಮ ಮನೆಯ ಹಿಂದೆಯೂ ಕಾಲುವೆ ಇದೆಯೇ? ಹಾಗಾದರೆ ಒಬ್ಬರೇ ಸನಿಕೆ ಹಿಡಿಯಬೇಡಿ. ಮೇಲಿನವರನ್ನೂ ಕೆಳಗಿನವರನ್ನೂ ಕರೆಯಿರಿ, ಪುರಸಭೆಗೆ ತಿಳಿಸಿ. ಈ ವಾರವೇ ಕರೆಯಿರಿ, ಮಳೆ ನಮಗಾಗಿ ಕಾಯುವುದಿಲ್ಲ.