ಈಶಮ್ಮನ ಮನೆಯಲ್ಲಿಟ್ಟ ಗಂಟು

ಸಂಕ್ರಾಂತಿ ಮುಗಿದ ಮರುದಿನ ಪ್ರೇಮಲಾ ಎಪ್ಪತ್ತೈದು ಸಜ್ಜೆ ರೊಟ್ಟಿ ಬಡಿದಳು. ಎಳ್ಳು ಹಚ್ಚಿ, ಕಡಕ್ಕಾಗಿ ಬೇಯಿಸಿ, ಅಂಗಳದಲ್ಲಿ ಹಳೆಯ ಸೀರೆ ಹಾಸಿ ಬಿಸಿಲಿಗೆ ಒಣಗಲು ಹಾಕಿದಳು. ಮೂವರಿಗೆ, ಒಂಬತ್ತು ದಿನಕ್ಕೆ. ರಟ್ಟೆ ಬಿದ್ದು ಹೋದವು. ಇದೇನು ಮೊದಲನೇ ಸಲವೇ? ಆರು ವರ್ಷದಿಂದ ಪ್ರತಿ ಸಂಕ್ರಾಂತಿಗೂ ಇದೇ ರೊಟ್ಟಿ, ಇದೇ ಶೇಂಗಾ ಹಿಂಡಿ, ಇದೇ ಮೂರು ಗಂಡಸರು. ಪ್ರತಿ ವರ್ಷವೂ ಆ ರೊಟ್ಟಿಯನ್ನು ಫೆಬ್ರವರಿ ತನಕ ಮುರಿದು ಮುರಿದು ತಿಂದು ಮುಗಿಸಿದ್ದು ಮಾತ್ರ ಮನೆಯವರೇ.

ಅವಳ ಗಂಡ ಗುರುಬಸವನಿಗೆ ಜಹೀರಾಬಾದಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಐಟಿಐನಲ್ಲಿ ಜೊತೆಗೆ ಓದಿದ ಇಬ್ಬರು ಗೆಳೆಯರು: ನಾರಾಯಣಖೇಡದಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ಕ್ರಾಂತಿಕುಮಾರ, ತಾಂಡೂರಿನಲ್ಲಿ ಬಂಡೆಕಲ್ಲು ಪಾಲಿಶ್ ಮಾಡಿಸುವ ಮಾಣಿಕಪ್ಪ. ಐವತ್ತು ದಾಟುವುದರೊಳಗೆ ಮೂವರೂ ಮೋಟಾರ್ ಸೈಕಲ್ ಮೇಲೆ ಕನ್ಯಾಕುಮಾರಿ ನೋಡಿ ಬರಬೇಕು ಎಂದು ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಮಾತಾಯಿತು. ಈಗ ಮೂವರಿಗೂ ಐವತ್ತೆರಡು. ಕನ್ಯಾಕುಮಾರಿ ಪಾಪ, ಇದ್ದಲ್ಲೇ ಇದೆ.

ಹೋಗದಿರಲು ಕಾರಣಗಳಿಗೇನು ಬರವೇ? ಒಂದು ವರ್ಷ ಕ್ರಾಂತಿಕುಮಾರನ ಸೋದರಳಿಯನ ನಿಶ್ಚಯ. ಇನ್ನೊಂದು ವರ್ಷ ಮಾಣಿಕಪ್ಪನ ಸೊಂಟ. ಮತ್ತೊಂದು ವರ್ಷ ಅನಂತಪುರದ ಮೇಲೆ ಹೋಗಬೇಕೋ ಬೆಂಗಳೂರಿನ ಮೇಲೆ ಹೋಗಬೇಕೋ ಎಂದು ಜಗಳ ಹತ್ತಿ ಒಂದು ತಿಂಗಳು ಮೂವರೂ ಮಾತು ಬಿಟ್ಟಿದ್ದರು. ಹೋಗುವುದು ಒಂದು ಬಿಟ್ಟು ಉಳಿದದ್ದೆಲ್ಲ ಆಗುತ್ತಿತ್ತು. ಫೋನಿನಲ್ಲಿ ಗುಂಪು ಮಾಡಿಕೊಂಡು ರಾತ್ರಿ ಹಗಲು ಚರ್ಚೆ: ಯಾವ ಟೈರು, ಯಾವ ಹೆಲ್ಮೆಟ್ಟು, ಮಧುರೈಯಲ್ಲಿ ಎಲ್ಲಿ ಊಟ. ಎಷ್ಟು ಕಿಲೋಮೀಟರಿಗೆ ಎಲ್ಲಿ ತಂಗಬೇಕು, ಯಾವ ಮಠದಲ್ಲಿ ಯಾರಿಗೆ ಫೋನ್ ಮಾಡಿ ಹೇಳಿಡಬೇಕು, ಯಾರ ಬಿಪಿ ಗುಳಿಗೆ ಯಾವ ಡಬ್ಬಿಯಲ್ಲಿ, ಕ್ಲಚ್ ವೈರು, ಟ್ಯೂಬು, ಗಾಡಿಯ ಕಾಗದಪತ್ರ ಎಲ್ಲಿ, ಇವೆಲ್ಲ ಪ್ರೇಮಲಾಳ ತಲೆಗೆ. ಮಡಚಿ ಮಡಚಿ ಹರಿಯುವಂತಾಗಿದ್ದ ಹಾಳೆಯಲ್ಲಿ ಇಡೀ ದಾರಿ ಅವಳ ಕೈಬರಹದಲ್ಲಿತ್ತು. ಕೊಹೀರಿನ ಪ್ರಾಥಮಿಕ ಶಾಲೆಯ ಟೀಚರು ಅವಳು. ಬರೆದರೆ ದುಂಡಗೆ ಬರೆಯುತ್ತಾಳೆ.

ಯಾಕೆ ಇಷ್ಟು ಮಾಡುತ್ತಿದ್ದಳು? ಓಣಿಯವರೆಲ್ಲ ಗಂಡನ ಮೇಲಿನ ಪ್ರೀತಿ ಎನ್ನುತ್ತಿದ್ದರು. ಅಯ್ಯೋ, ಪ್ರೀತಿ ಇಲ್ಲವೆಂದಲ್ಲ. ಆದರೆ ಖರೇ ಹೇಳಬೇಕೆಂದರೆ ಅವಳಿಗೆ ಬೇಕಾದದ್ದು ನಿದ್ದೆ. ಮನೆಯಲ್ಲಿ ಯಾರೂ ಇಲ್ಲದ ನಿದ್ದೆ. ಐದಕ್ಕೆ ಏಳದ, ಯಾರಿಗೂ ಚಹಾ ಮಾಡದ, ಏಳೂವರೆಯ ಬಸ್ಸು ಹಿಡಿಯದ, ಅತ್ತೆಯ ಸಕ್ಕರೆ ಕಾಯಿಲೆಗೆ ಬೇರೆ ಅನ್ನ ಇಡದ ಒಂಬತ್ತು ದಿನ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಅವಳು ಆ ಮನೆಯಲ್ಲಿ ಒಬ್ಬಳೇ ಒಂದು ರಾತ್ರಿಯೂ ಮಲಗಿರಲಿಲ್ಲ. ಇದನ್ನು ಬಾಯಿಬಿಟ್ಟು ಯಾರಿಗೆ ಹೇಳುವುದು? ನಿದ್ದೆ ಬೇಕೆಂದು ಗಂಡನನ್ನು ಊರು ಬಿಡಿಸುವ ಹೆಂಗಸೆಂದರೆ ಜನ ನಕ್ಕಾರು.

ಈ ವರ್ಷ ಎಲ್ಲ ಕೂಡಿ ಬಂದಿತ್ತು. ಮಗ ಹೈದರಾಬಾದಿನ ಹಾಸ್ಟೆಲಿಗೆ ಮರಳಿದ್ದ. ಅತ್ತೆ ಶಕುಂತಲಾಬಾಯಿಯವರನ್ನು ನಾರಾಯಣಖೇಡದ ಮಗಳು ಬಂದು ಹತ್ತು ದಿನಕ್ಕೆಂದು ಕರೆದುಕೊಂಡು ಹೋಗಿದ್ದಳು. ಶಾಲೆಯ ಸಂಕ್ರಾಂತಿ ರಜೆಯ ಬಾಲಕ್ಕೆ ಪ್ರೇಮಲಾ ಉಳಿದ ರಜೆಯನ್ನೆಲ್ಲ ಹಚ್ಚಿಕೊಂಡಿದ್ದಳು. ಬಾಕಿ ಇದ್ದದ್ದು ಗಂಡನೊಬ್ಬ.

ದೂರದ ಪ್ರಯಾಣಕ್ಕೆ ಹೊರಡುವ ದಿನ ಮುಹೂರ್ತ ಚೆನ್ನಾಗಿರದಿದ್ದರೆ, ಒಳ್ಳೆಯ ಗಳಿಗೆಯಲ್ಲಿ ಮೊದಲೇ ಪ್ರಸ್ಥಾನ ಇಡುವುದು ಆ ಮನೆಯ ಪದ್ಧತಿ. ಒಂದು ಹಿಡಿ ಅಕ್ಕಿ, ಅರಿಶಿನದ ಕೊಂಬು, ಅಡಿಕೆ, ಹೋಗುವವನ ಒಂದು ಕರವಸ್ತ್ರ ಸೇರಿಸಿ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸ್ತಿಲು ದಾಟಿತೆಂದರೆ ಮನುಷ್ಯ ಊರು ಬಿಟ್ಟ ಲೆಕ್ಕ. ಮೂರು ದಿನದೊಳಗೆ ಗಂಟು ತೆಗೆದುಕೊಂಡು ಮುಂದೆ ನಡೆಯಬೇಕು. ಹಿಂದಕ್ಕೆ ತರುವ ಹಾಗಿಲ್ಲ. ಹಾಗೆಂದು ಐದು ವರ್ಷ ತರದೆ ಬಿಟ್ಟರೇ? ಪ್ರತಿ ಸಲವೂ ಶಕುಂತಲಾಬಾಯಿ ಗಂಟಿಗೆ ನೀರು ಚಿಮುಕಿಸಿ, ಹಿಂಬಾಗಿಲಿನಿಂದ ಒಳಗೆ ತಂದು, "ಹಿಂಬಾಗಿಲಿಗಿ ದೋಷ ಇಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತಿದ್ದರು.

ಈ ಸಲವೂ ದಕ್ಷಿಣ ದಿಕ್ಕಿಗಿದ್ದ ಮನೆ ಈಶಮ್ಮನದೇ. ಅಂಗನವಾಡಿಯಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. ಮೊದಲ ವರ್ಷ, ಆ ಮನೆಯಲ್ಲೇಕೆ ಎಂದು ಅತ್ತೆ ಮುಖ ಸಿಂಡರಿಸಿದ್ದರು. ದಕ್ಷಿಣಕ್ಕೆ ಬೇರೆ ಮನೆಯೇ ಇಲ್ಲವೆಂದು ಪ್ರೇಮಲಾ ಬಾಯಿ ಮುಚ್ಚಿಸಿದ್ದಳು. ಗಂಟನ್ನು ಗೋಡೆಯ ಮಾಡಿನಲ್ಲಿಡುತ್ತ ಈಶಮ್ಮ ಕೇಳಿದಳು:

"ಟೀಚರವ್ವಾ, ಈ ಸಲನಾದ್ರೂ ಹೋಗ್ತಾರೇನು, ಇಲ್ಲಾ ನನ್ನ ಮಾಡಿಗೇ ತೀರ್ಥಯಾತ್ರಾ?"

"ಹೋಗ್ತಾರ ಅಕ್ಕಾ. ಹೋಗಲೇಬೇಕು."

ಆ 'ಲೇಬೇಕು' ಕೇಳಿ ಈಶಮ್ಮ ಅವಳ ಮುಖವನ್ನೊಮ್ಮೆ ನೋಡಿದಳು.

ಹೊರಡುವ ಬೆಳಿಗ್ಗೆ ಪ್ರೇಮಲಾ ನಾಲ್ಕಕ್ಕೆ ಎದ್ದಳು. ಗಂಡನ ಲಿಂಗಪೂಜೆಗೆ ನೀರು ಹೂವು ಇಟ್ಟು, ಉಪ್ಪಿಟ್ಟು ಮಾಡಿ, ರೊಟ್ಟಿ ಕಟ್ಟಿ, ಚೀಲಗಳನ್ನು ಗಾಡಿಗೆ ಹಗ್ಗದಿಂದ ಬಿಗಿದಳು. ಗುರುಬಸವ ಹೊಸ ಜಾಕೆಟ್ಟು ಹಾಕಿ, ಮೊಣಕಾಲಿಗೆ ಚಿಪ್ಪಿನಂಥದ್ದೇನೋ ಕಟ್ಟಿಕೊಂಡು, ಕನ್ನಡಿಯ ಮುಂದೆ ಎರಡು ಸಲ ನಿಂತು ಬಂದ. ಏಳಕ್ಕೆ ಕ್ರಾಂತಿಕುಮಾರ ಬರಬೇಕಿತ್ತು. ಮಾಣಿಕಪ್ಪ ತಾಂಡೂರಿನಲ್ಲಿ ಸೇರಿಕೊಳ್ಳಬೇಕಿತ್ತು.

ಏಳೂ ಹತ್ತಕ್ಕೆ ಕ್ರಾಂತಿಕುಮಾರನ ಬದಲು ಅವನ ಧ್ವನಿ ಬಂತು. ಗುರುಬಸವ ಅಂಗಳದಲ್ಲೇ ಫೋನು ಜೋರಾಗಿಟ್ಟು ಕೇಳಿಸಿದ.

"ಗುರು, ನಾರಾಜ್ ಆಗಬ್ಯಾಡ ಯಾರ್. ನಾಳಿ ಒಂದು ಲಗ್ನದ ಆರ್ಡರ್ ಬಂದದ. ದೊಡ್ಡ ಮಂದಿ, ಇಲ್ಲ ಅನ್ನಾಕ ಆಗಲಿಲ್ಲ. ಉಗಾದಿಗಿ ಪಕ್ಕಾ."

ಅದರ ಬೆನ್ನಿಗೇ ಮಾಣಿಕಪ್ಪ: "ಕ್ರಾಂತಿ ಬರಂಗಿಲ್ಲ ಅಂದ ಮ್ಯಾಲ ಇಬ್ಬರೇ ಏನ್ ಹೋಗೂದು ಬಿಡಪ್ಪಾ. ನನ್ನ ಸೊಂಟಾನೂ ಬರೋಬ್ಬರಿ ಇಲ್ಲ."

ಗುರುಬಸವ ಹೆಲ್ಮೆಟ್ಟು ತೆಗೆದ. ಮುಖದಲ್ಲಿ ಬೇಸರ ಇತ್ತೋ, ಹಗುರಾಗಿತ್ತೋ, ಪ್ರೇಮಲಾಳಿಗೆ ತಿಳಿಯಲಿಲ್ಲ. ಅವನು ಚೀಲದ ಹಗ್ಗ ಬಿಚ್ಚತೊಡಗಿ, ತಲೆ ಎತ್ತದೆ ಅಂದ:

"ಈ ಸಲಾನೂ ಆಗಲಿಲ್ಲ ನೋಡು. ಇರಲಿ. ಒಂದ್ ಕಪ್ ಚಹಾ ಮಾಡು, ಕುಡಿದು ಅಂಗಡಿ ತೆಗೀತೀನಿ."

ಚಹಾ. ಪ್ರೇಮಲಾಳಿಗೆ ಕೂಗಾಡಲು ಕೂಡ ತ್ರಾಣವಿರಲಿಲ್ಲ. ಒಳಗೆ ಹೋಗಿ ಹಿಂಬಾಗಿಲಿನ ಅಗಳಿ ಹಾಕಿದಳು. ತಿರುಗಿ ಬಂದು ಮುಂಬಾಗಿಲಿನ ಎರಡೂ ಕದ ಹಿಡಿದು ಹೊಸ್ತಿಲ ಮೇಲೆ ನಿಂತಳು. ಚೀಲ ಹೆಗಲಿಗೇರಿಸಿ ಗುರುಬಸವ ಮೆಟ್ಟಿಲು ಹತ್ತಿದ.

"ಯಾರು ಬೇಕ್ರಿ?" ಅಂದಳು.

"ಏ, ಹುಡುಗಾಟ ಸಾಕು. ಪಕ್ಕಕ್ಕ ಸರಿ."

"ನಮ್ಮನ್ಯಾಗ ಗಂಡಸರಿಲ್ರಿ. ಕನ್ಯಾಕುಮಾರಿಗೆ ಹೋಗ್ಯಾರ."

"ಪ್ರೇಮಲಾ!"

"ನಿನ್ನೇನೇ ಹೋಗ್ಯಾರ. ಪ್ರಸ್ಥಾನ ಇಟ್ಟದ. ಹೋದ ಮನಿಷ್ಯಾ ಹಿಂಗ ತಿರುಗಿ ಬಂದು ಚಹಾ ಕೇಳ್ತಾನೇನ್ರಿ? ಯಾರ ಮನ್ಯಾಗರ ಹಿಂಗ ಅದ ಏನು?"

ಗುರುಬಸವ ನಕ್ಕ. ಅವಳು ನಗಲಿಲ್ಲ. ಅವನು ಮನೆ ಸುತ್ತಿ ಹಿಂಬಾಗಿಲಿಗೆ ಹೋಗಿ ತಳ್ಳಿ ನೋಡಿ, ಮತ್ತೆ ಮುಂದಕ್ಕೆ ಬಂದ. ಅಷ್ಟರಲ್ಲಿ ಎದುರು ಮನೆಯ ಕಿಟಕಿ ತೆರೆದಿತ್ತು. ಓಣಿಯ ತುದಿಯಿಂದ ಈಶಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ಕೂಗಿದಳು:

"ಗುರಣ್ಣಾ, ಗಂಟು ಇಲ್ಲೇ ಅದ. ತಗೊಂಡು ಮುಂದ ನಡೀರಿ! ಇನ್ನೊಂದ್ ಸಲ ವಾಪಸ್ ಕೊಡಂಗಿಲ್ಲ ನಾ."

"ಒಬ್ಬನೇ ಹ್ಯಾಂಗ ಹೋಗಲೇ?" ಗುರುಬಸವ ಹೆಂಡತಿಗೆ ಮೆಲ್ಲನೆ ಕೇಳಿದ. ಈಗ ಅವನ ಧ್ವನಿಯಲ್ಲಿ ನಗೆಯಿರಲಿಲ್ಲ.

"ದಾರಿ ಬರದದ. ಗುಳಿಗಿ ಎಡಗಡೆ ಚೀಲದಾಗ ಅವ. ಹೊತ್ತು ಮುಣಗಿದ ಮ್ಯಾಲ ಗಾಡಿ ಓಡಿಸಬ್ಯಾಡ್ರಿ." ಅಷ್ಟು ಹೇಳಿ ಪ್ರೇಮಲಾ ಬಾಗಿಲು ಹಾಕಿಕೊಂಡಳು.

ಬಾಗಿಲ ಹಿಂದೆ ಬಹಳ ಹೊತ್ತು ನಿಂತಿದ್ದಳು. ತಾನು ಮಾಡಿದ್ದು ತಪ್ಪು ಎಂದು ಗೊತ್ತಿತ್ತು. ಹಗ್ಗ ಬಿಗಿಯುವ ಸದ್ದು ಕೇಳಿತು. ಕೊನೆಗೆ ಗಾಡಿ ಶುರುವಾಯಿತು, ಈಶಮ್ಮನ ಮನೆ ಮುಂದೆ ನಿಂತಿತು, ಮತ್ತೆ ಹೊರಟಿತು. ಸದ್ದು ಕೊಹೀರಿನ ದಾರಿಯ ಕಡೆಗೆ ಕರಗಿತು. ಪ್ರೇಮಲಾ ಒಳಗೆ ಹೋಗಿ ಹಾಸಿಗೆ ಕೂಡ ಹಾಸದೆ, ಬರೀ ಚಾಪೆಯ ಮೇಲೆ ಬಿದ್ದುಕೊಂಡಳು. ಅಳು ಬರುತ್ತದೆ ಎಂದುಕೊಂಡಿದ್ದಳು. ಅಳುವುದಕ್ಕೆ ಮುಂಚೆ ನಿದ್ದೆಯೇ ಬಂತು.

ಎಚ್ಚರವಾದಾಗ ಬಿಸಿಲು ಪಡುವಣದ ಕಿಟಕಿಗೆ ಬಂದಿತ್ತು. ನಾಲ್ಕೂವರೆ! ಕೆಟ್ಟೆನಲ್ಲಪ್ಪ ಎಂದು ಗಡಬಡಿಸಿ ಎದ್ದು, ಅಡಿಗೆಮನೆಯ ತನಕ ಓಡಿ ಹೋಗಿ, ಅಲ್ಲಿ ನೆನಪಾಗಿ ನಿಂತಳು. ಯಾರೂ ಇಲ್ಲ. ಕೈ ತಾನಾಗಿಯೇ ಮೂರು ಲೋಟದ ನೀರು ಅಳೆದಿತ್ತು. ಎರಡು ಲೋಟ ಹಿಂದಕ್ಕೆ ಸುರಿದು, ಒಂದೇ ಲೋಟ ಚಹಾ ಮಾಡಿಕೊಂಡು, ಅಲ್ಲೇ ನೆಲಕ್ಕೆ ಕೂತು ಬಿಸಿಬಿಸಿಯಾಗಿ ಕುಡಿದಳು. ಬಿಸಿ ಚಹಾ ಕುಡಿಯದೆ ಎಷ್ಟು ವರ್ಷವಾಗಿತ್ತೋ.

ಆಗ ಫೋನ್ ಬಂತು. ಗುರುಬಸವ.

"ಬೊಮ್ರಾಸಪೇಟದಾಗ ಇದೀನಿ," ಅಂದ. "ಚಹಾದಂಗಡಿ ಮುಂದ ಕುಂತೀನಿ."

"ಬೊಮ್ರಾಸಪೇಟಕ್ಕ ಯಾಕ ಹೋದ್ರಿ? ಕೊಡಂಗಲ್ ದಾಟಿ ಕೋಸ್ಗಿ ದಾರಿ ಹಿಡೀಬೇಕು ಅಂತ ಬರದೀನಲ್ಲ."

"ಹಾಳಿ ತೆಗೀಲೇ ಇಲ್ಲ. ತಲಿ ಎಲ್ಲೋ ಇತ್ತು. ತಾಂಡೂರದಾಗ ಮಾಣಿಕಪ್ಪ ಊಟ ಹಾಕಿದ. ಸಂಜಿಗಿ ಮನಿಗಿ ಹೋಗು, ಆಕಿ ಸಿಟ್ಟು ಇಳಿದಿರ್ತದ ಅಂದ." ಹಿಂದೆಯೇ ಕೇಳಿದ: "ಇಳಿದದೇನು?"

"ಸಿಟ್ಟು ಇದ್ರ ತಾನೆ ಇಳಿಯೂದು."

"ಮತ್ತೇನು ಹಂಗಂದ್ರ? ಕದಾ ಹಾಕ್ಕೊಂಡಿ. ಇಪ್ಪತ್ತಾರು ವರ್ಷದಾಗ ಹಂಗ ಮಾಡಿದಾಕಿ ಅಲ್ಲ ನೀ. ಖರೇ ಹೇಳ್ಲಾ ಪ್ರೇಮಲಾ, ಮೊದಲ ಎರಡು ವರ್ಷ ಬಿಟ್ರ ನನಗೂ ಹೋಗೂದರ ಮ್ಯಾಲ ಮನಸ್ಸಿದ್ದಿಲ್ಲ. ಬೆನ್ನು ನೋಯ್ತದ. ನೀ ಇಷ್ಟು ಹೌಸಿಲೆ, ಖುಷಿಲೆ ರೊಟ್ಟಿ ಬಡೀತಿ, ದಾರಿ ಬರೀತಿ, ಬ್ಯಾಡ ಅಂದ್ರ ನೀ ನೊಂದ್ಕೋತಿ ಅಂತ ಸುಮ್ನಿದ್ದೆ."

ಪ್ರೇಮಲಾ ಚಹಾದ ಲೋಟ ನೆಲಕ್ಕಿಟ್ಟಳು. ಆರು ವರ್ಷದ ನಾನೂರೈವತ್ತು ರೊಟ್ಟಿ! ಇವನಿಗೂ ಬೇಡವಾಗಿತ್ತು. ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ಹೌಸ್ ಅಲ್ರಿ," ಅಂದಳು. ಇನ್ನು ಮುಚ್ಚಿಟ್ಟು ಏನಾಗಬೇಕು? "ನನಗ ನಿದ್ದಿ ಬೇಕಾಗಿತ್ತು. ನೀವೆಲ್ಲಾರೂ ಎಲ್ಲೆರ ಹೋಗಿ, ಈ ಮನ್ಯಾಗ ನಾ ಒಬ್ಬಾಕಿನೇ ಬಿದ್ದುಕೊಂಡು ನಿದ್ದಿ ಮಾಡಬೇಕಾಗಿತ್ತು. ಅಷ್ಟೇ. ಅದಕ್ಕ ದಾರಿ ಬರದೆ."

ಅತ್ತ ಕಡೆ ಒಂದು ಲಾರಿ ಹಾದು ಹೋದ ಸದ್ದು. ಫೋನ್ ಕಡಿದುಹೋಯಿತೇನೋ ಎಂದು ಅವಳು ಕಿವಿಯಿಂದ ತೆಗೆದು ನೋಡಿದಳು.

"ಅಷ್ಟು ದಣಿದೀಯೇನು?" ಗುರುಬಸವ ಕೇಳಿದ.

ಯಾರೂ ಕೇಳಿರದ ಮಾತು ಅದು. ಈಗ ಬಂತು ಅಳು. ಬೆಳಿಗ್ಗೆ ಬರದೇ ಇದ್ದದ್ದು, ಎಷ್ಟೋ ವರ್ಷದಿಂದ ಬರದೇ ಇದ್ದದ್ದು ಎಲ್ಲ ಸೇರಿಕೊಂಡು ಬಂತು. ಸೆರಗು ಬಾಯಿಗೆ ಒತ್ತಿ ಹಿಡಿದರೂ ಅವನಿಗೆ ಕೇಳಿಸಿತು.

"ಹ್ಞೂಂ ರಿ," ಅಂದಳು. "ಭಾಳ ದಣಿದೀನಿ."

ಅವನು ಸಮಾಧಾನ ಹೇಳಲಿಲ್ಲ. ಹೇಳಲು ಅವನಿಗೆ ಬರುವುದೂ ಇಲ್ಲ. ಹಾಳೆ ಬಿಚ್ಚುವ ಸರಸರ ಕೇಳಿತು. ಅವಳು ಬರೆದ ದಾರಿಯನ್ನು ಅವನು ಮೊದಲನೇ ಸಲ ಓದುತ್ತಿದ್ದ.

"ಕೋಸ್ಗಿ. ಆಮ್ಯಾಲ ಮಹಬೂಬನಗರ. ರಾತ್ರಿ ಅಲ್ಲೇ ಮಠದಾಗ, ಹೇಳಿಟ್ಟದ ಅಂತ ಬರದಿ."

"ಅಲ್ರೀ, ಬೆನ್ನು ನೋಯ್ತದ ಅಂದ್ರಿ. ಒಬ್ಬರೇ ಇದ್ದೀರಿ. ಬ್ಯಾಡ, ಬರ್ರಿ ಮನಿಗಿ. ಬಾಗಿಲು ತೆಗೀತೀನಿ," ಪ್ರೇಮಲಾ ಅಂದಳು. ಮನಸ್ಸು ಪೂರಾ ಇರಲಿಲ್ಲ, ಆದರೂ ಅಂದಳು.

"ಹೋದ ಮನಿಷ್ಯಾ ಹಿಂಗ ತಿರುಗಿ ಬಂದು ಚಹಾ ಕೇಳ್ತಾನೇನು?" ಅವಳದೇ ಮಾತನ್ನು ಅವನು ಅವಳಿಗೇ ತಿರುಗಿಸಿದ. "ಗಂಟು ಜೇಬಿನಾಗ ಅದ. ಫೋನ್ ಬಂದ್ ಮಾಡಿ ಮಲಕೋ. ಅವ್ವನಿಗಿ ನಾ ಫೋನ್ ಮಾಡಿ, ಹದಿನೈದು ದಿನ ಅಲ್ಲೇ ಇರು ಅಂತೀನಿ. ಒಂಬತ್ತು ದಿನದಾಗ ಬರಬೇಕಂತೇನಿಲ್ಲ. ನಾ ನಿಧಾನಕ್ಕ ಓಡಿಸ್ತೀನಿ."